ಸಿಪಾಯಮ್ಮನಿಗೆ ಸುಣ್ಣ ಬಳಿದವನು

ಹಿಂದೂಪುರದಲ್ಲಿ ನಮ್ಮ ಮನೆಯ ಪಕ್ಕ ಒಂದು ತಗಡಿನ ಶೆಡ್ ಇದೆ. ಮೊದಲು ಅದರಲ್ಲಿ ಹುಣಸೆಹಣ್ಣಿನ ಮೂಟೆ ಇಡುತ್ತಿದ್ದರು. ಈಗ ಎಂಟು ಬ್ಯಾಟರಿ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಹುಳಿ ವಾಸನೆ ಮಾತ್ರ ಗೋಡೆಯಿಂದ ಇನ್ನೂ ಹೋಗಿಲ್ಲ. ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿನಿಂದ ಆರೇಳು ಜನ ಇಳಿಯುತ್ತಾರೆ. ಇದೇ ಊರಿನ ಒಬ್ಬ ಹುಡುಗಿ ಅವರನ್ನು ಸೈಕಲ್ಲುಗಳ ಮೇಲೆ ಕೂರಿಸಿ, ಸುತ್ತಲಿನ ಹಳೆಯ ಮಂಟಪ, ಬಾವಿ, ಕಲ್ಲುಗಳನ್ನು ತೋರಿಸಿ, ಕಥೆ ಹೇಳಿ, ಸಂಜೆಯ ರೈಲು ಹತ್ತಿಸಿ ಕಳಿಸುತ್ತಾಳೆ. ಇತಿಹಾಸ ಓದಿದ ಹುಡುಗಿ. ಅವರ ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ.

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಸಂಜೆ ಅವಳು ನಮ್ಮ ಜಗಲಿಗೆ ಬಂದು ಕುಳಿತಳು.

“ತಾತ, ನಾಳೆ ಒಬ್ರು ಬರಲ್ವಂತೆ. ಒಂದು ಸೈಕಲ್ ಸುಮ್ನೆ ನಿಂತಿರ್ತದೆ. ನೀನು ಬತ್ತೀಯಾ?”

“ನಾನಾ? ಎಪ್ಪತ್ತೆರಡಾಯ್ತು ಕಣಮ್ಮ ನಂಗೆ.”

“ಜೋರಾಗಿ ತುಳಿಯೋದೇ ಬೇಡ ತಾತ. ಬ್ಯಾಟ್ರಿ ತಳ್ತದೆ.”

ಒಳಗಿನಿಂದ ನನ್ನ ಹೆಂಡತಿ ಕೂಗಿದಳು. “ಕರ್ಕೊಂಡೋಗಮ್ಮ ತಾಯಿ. ಮನೇಲಿದ್ರೆ ಈವಯ್ಯ ನನ್ನ ತಲೆ ತಿಂತದೆ. ಬ್ಯಾಟ್ರಿ ಸೈಕಲ್ಲಿಗೆ ಮಾತ್ರಾನಾ, ಈವಯ್ಯಂಗೂ ಒಂದು ಹಾಕ್ತೀರಾ?”

ಹುಡುಗಿ ನಗುತ್ತಾ ನನ್ನ ಕೈಗೆ ಒಂದು ಹಾಳೆ ಕೊಟ್ಟಳು. ಎಲ್ಲೆಲ್ಲಿ ನಿಲ್ಲುತ್ತೇವೆ ಎಂದು ಅದರಲ್ಲಿ ಅಚ್ಚು ಹಾಕಿಸಿದ್ದಳು. ಸೋಮಂದೇಪಲ್ಲಿಯಲ್ಲಿ ತಿಂಡಿ. ಆಮೇಲೆ ಪೆನುಕೊಂಡ ಬೆಟ್ಟ ಕಾಣುವ ದಿಬ್ಬ. ಆಮೇಲೆ ರೊದ್ದಂ ಹತ್ತಿರ ಪೆನ್ನೆ ಹೊಳೆಯ ದಂಡೆ. ಕೊನೆಯದಾಗಿ, ‘ಸಿಪಾಯಮ್ಮನ ಹುಣಸೆ ಮರ, ಅಲ್ಲೇ ಊಟ’.

ನಾನು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಓದಿದೆ. ಸಿಪಾಯಮ್ಮ ಎಂದೇ ಇತ್ತು.

ಈ ಸಿಪಾಯಮ್ಮನನ್ನು ಹುಟ್ಟಿಸಿದವನು ನಾನು. ದೇವರಾಣೆಗೂ ನಾನೇ. ಒಂದು ಮಧ್ಯಾಹ್ನ, ಮರದ ಬುಡದಲ್ಲಿ ನಿಂತು, ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಹುಟ್ಟಿಸಿದೆ. ಆ ಸುಳ್ಳಿನಿಂದ ಹತ್ತು ವರ್ಷದ ಒಂದು ಹೆಣ್ಣುಮಗುವಿಗೆ ಆದದ್ದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

“ಬತ್ತೀನಿ ಕಣಮ್ಮ” ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಆ ಹೆಣ್ಣುಮಗಳನ್ನು ಹುಡುಕಿ ನಿಜ ಹೇಳಬೇಕು ಎಂದು ವರ್ಷಕ್ಕೊಮ್ಮೆಯಾದರೂ ಅಂದುಕೊಳ್ಳುತ್ತಿದ್ದೆ. ಬಸ್ಸಿಲ್ಲ, ಮೊಣಕಾಲು ನೋವು, ಬಿಸಿಲು ಜಾಸ್ತಿ ಎಂದು ತಪ್ಪಿಸಿಕೊಂಡು ಬಂದಿದ್ದೆ. ಈಗ ಬ್ಯಾಟರಿ ತಳ್ಳುತ್ತದೆ ಎಂದ ಮೇಲೆ ನನಗೆ ಯಾವ ನೆಪವೂ ಉಳಿಯಲಿಲ್ಲ.

ಮೊದಲು ನನ್ನ ಕೆಲಸ ಏನಾಗಿತ್ತೆಂದು ಹೇಳಬೇಕು. ನಾನು ಕಲ್ಯಾಣದುರ್ಗದಲ್ಲಿ ಹತ್ತನೇ ತರಗತಿವರೆಗೆ ಓದಿ, ಹಿಂದೂಪುರದ ಒಂದು ಹುಣಸೆ ಮಂಡಿಯಲ್ಲಿ ಮರ ನೋಡುವ ಕೆಲಸಕ್ಕೆ ಸೇರಿದೆ. ಹಣ್ಣು ಇನ್ನೂ ಮರದಲ್ಲಿರುವಾಗಲೇ ಸೈಕಲ್ಲಿನಲ್ಲಿ ಊರೂರು ಸುತ್ತಬೇಕು. ಮರದ ಸುತ್ತ ಕತ್ತೆತ್ತಿಕೊಂಡು ಎರಡು ಸುತ್ತು ಬಂದು, ಇದರಲ್ಲಿ ಎಷ್ಟು ಮೂಟೆ ಹಣ್ಣು ಇಳಿಯುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಬೇಕು. ಕುತ್ತಿಗೆ ನೋವು ನಮ್ಮ ಕಸುಬಿನವರಿಗೆ ಹೆಂಡತಿ ಮಕ್ಕಳಷ್ಟೇ ಹತ್ತಿರ.

ನನ್ನ ಹ್ಯಾಂಡಲ್ಲಿಗೆ ಎರಡು ಡಬ್ಬಿ ನೇತಾಡುತ್ತಿದ್ದವು. ಒಂದರಲ್ಲಿ ಸುಣ್ಣ, ಇನ್ನೊಂದರಲ್ಲಿ ಕಲಸಿದ ಕೆಮ್ಮಣ್ಣು. ನೋಡಿದ ಮರದ ಬೊಡ್ಡೆಗೆ ಸುಣ್ಣದ ಪಟ್ಟೆ. ಮರದ ಯಜಮಾನನ ಜೊತೆ ಮಾತು ಮುಗಿದರೆ ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ. ಎರಡು ಪಟ್ಟೆ ಕಂಡ ಮರವನ್ನು ಬೇರೆ ಮಂಡಿಯವರು ಮುಟ್ಟುತ್ತಿರಲಿಲ್ಲ. ಮಾತಾಗದೆ ಕೆಮ್ಮಣ್ಣು ಬಳಿದವನನ್ನು ಯಾವ ಊರಿನವರೂ ಮತ್ತೆ ಹತ್ತಿರ ಸೇರಿಸುತ್ತಿರಲಿಲ್ಲ.

ರೊದ್ದಂ ದಾಟಿ ಕಲ್ಯಾಣದುರ್ಗದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಆ ಮರ ಇತ್ತು. ಅಂಗೈ ಉದ್ದದ ಕಾಯಿ, ದಪ್ಪ ತಿರುಳು, ಎಲೆಯೇ ಕಾಣದಷ್ಟು ಫಸಲು. ಅಂಥ ಮರವನ್ನು ನಾನು ಮತ್ತೆ ನೋಡಿಲ್ಲ. ಆದರೆ ಅದರ ಯಜಮಾನ ನೆಂಟರ ಮದುವೆಗೆ ಹೋಗಿದ್ದ, ಬರುವುದು ಮಾರನೆಯ ದಿನ. ಅಷ್ಟರಲ್ಲಿ ರೊದ್ದಂನ ಹೋಟೆಲಿನಲ್ಲಿ ನನಗೆ ಸುದ್ದಿ ಸಿಕ್ಕಿತ್ತು. ಕಲ್ಯಾಣದುರ್ಗದ ಮಂಡಿಯವನು ಜೀಪಿನಲ್ಲಿ ಹೊರಟಿದ್ದಾನೆ, ಸಂಜೆಯೊಳಗೆ ಬರುತ್ತಾನೆ ಎಂದು. ಅವನು ನನ್ನ ಹೈಸ್ಕೂಲು ಗೆಳೆಯ, ಒಂದೇ ಬೆಂಚಿನವನು. ಅವನಿಗೆ ಜೀಪು, ನನಗೆ ಸೈಕಲ್ಲು. ಆ ಹೊಟ್ಟೆಯುರಿ ನನಗೆ ಬಹಳ ಇತ್ತು.

ಯಜಮಾನನಿಲ್ಲದೆ ಮರಕ್ಕೆ ಕೆಮ್ಮಣ್ಣು ಬಳಿಯುವಂತಿಲ್ಲ. ಅಷ್ಟು ನಿಯತ್ತು ನನ್ನಲ್ಲಿತ್ತು. ಆದ್ದರಿಂದ ಕಲ್ಲಿಗೆ ಬಳಿದೆ.

ಮರದ ಬುಡದಲ್ಲಿ ಒಂದು ಹಳೆಯ ವೀರಗಲ್ಲು ಅರ್ಧ ಮಣ್ಣಲ್ಲಿ ಹೂತು ಬಿದ್ದಿತ್ತು. ಬಿಲ್ಲು ಹಿಡಿದ ಒಬ್ಬ ಗಂಡಸು, ಮೇಲೆ ಚಾಮರ ಬೀಸುವ ಇಬ್ಬರು ಹೆಂಗಸರು. ನಾನು ಅದನ್ನು ಎಬ್ಬಿಸಿ ನಿಲ್ಲಿಸಿ, ಹಿಂದೆ ಎರಡು ಗುಂಡುಕಲ್ಲು ಆನಿಸಿ, ಒಂದು ಪಟ್ಟೆ ಸುಣ್ಣ, ಒಂದು ಪಟ್ಟೆ ಕೆಮ್ಮಣ್ಣು, ಹೀಗೆ ಬಳಿಯುತ್ತಾ ಹೋದೆ. ನಮ್ಮ ಕಡೆ ಗುಡಿಯ ಗೋಡೆಗೆ ಬಳಿಯುವುದೂ ಹೀಗೆಯೇ. ಕೆಂಪು ಬಿಳಿ ಪಟ್ಟೆ ಕಂಡರೆ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ.

ಗೆಳೆಯ ಬಂದ. ಜೀಪಿನಿಂದ ಇಳಿದವನೇ ಕಲ್ಲನ್ನು ನೋಡಿದ.

“ಏನ್ಲಾ ಇದು? ಹೋದೊರ್ಷ ಇರ್ಲಿಲ್ವಲ್ಲ?”

“ಮೆಲ್ಲಗೆ ಮಾತಾಡ್ಲಾ. ಮಣ್ಣಲ್ಲಿ ಹೂತಿತ್ತು, ಈಗ ಎಬ್ಬಿಸವ್ರೆ. ಮೊದ್ಲು ಕೆರ ಬಿಡು.”

ಅವನು ಚಪ್ಪಲಿ ಬಿಟ್ಟ. ಅಲ್ಲಿಂದ ಮುಂದೆ ನನ್ನ ನಾಲಿಗೆ ತಾನೇ ಓಡಿತು.

“ಪೆನುಕೊಂಡದ ಸಿಪಾಯಿ ಒಬ್ಬ ಇಲ್ಲಿ ಸತ್ತ ಕಣ್ಲಾ, ರಾಜರ ಕಾಲ್ದಾಗೆ. ಅವನ ಹೆಂಡ್ತಿ ಇದೇ ಮರದಡಿ ಕುಂತು ಅನ್ನ ನೀರು ಬಿಟ್ಟು ಪ್ರಾಣ ಬಿಟ್ಳು. ಸಿಪಾಯಮ್ಮ ಅಂತಾರೆ. ಈ ಮರದ ಹಸಿ ಕಾಯಿ ಯಾರಾನ ಕಿತ್ರೋ, ಅವರ ಮನೇಲಿ ಕೈಯೋ ಕಾಲೋ ಮುರೀದೆ ಬಿಡಲ್ಲ ಆವಮ್ಮ.”

ಕೈಕಾಲು ಎಂದು ಯಾಕೆ ಹೇಳಿದೆನೆಂದರೆ, ಹುಣಸೆ ಮರ ಹತ್ತುವವರಲ್ಲಿ ವರ್ಷಕ್ಕೆ ಒಬ್ಬರಾದರೂ ಬೀಳುತ್ತಾರೆ. ನಂಬುವುದು ಸುಲಭ ಎಂದು ಲೆಕ್ಕ ಹಾಕಿದ್ದೆ.

“ನೀನು ಕಿತ್ಯಾ?” ಎಂದ.

“ನಾನ್ಯಾಕ್ಲಾ ಕೀಳ್ಲಿ? ನಂಗೇನು ಮನೆ ಮಠ ಇಲ್ವಾ?”

ಅವನು ಕೈಮುಗಿದು, ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ಸಿಪಾಯಿಗೆ ಎಂದು ಕಲ್ಲಿನ ಮುಂದೆ ಇಟ್ಟು, ಜೀಪು ತಿರುಗಿಸಿಕೊಂಡು ಹೋದ. ಆ ಬೀಡಿಗಳನ್ನು ನಾನೇ ಸೇದಿದೆ. ಆವತ್ತು ಸೈಕಲ್ಲಿನ ಮೇಲೆ ಹಾಡಿಕೊಂಡು ಹೋದ ನೆನಪಿದೆ.

ಸೌದೆ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಮ್ಮ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರೆಂದು ನನಗೆ ಆಗ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಊರಿಗೆಲ್ಲ ಸಿಪಾಯಮ್ಮ ಬಂದುಬಿಟ್ಟಿದ್ದಳು.

ಮಾರನೆಯ ದಿನ ಮರದ ಯಜಮಾನ ಮದುವೆಯಿಂದ ಬರುತ್ತಿದ್ದಾಗ ಹಳ್ಳದ ಇಳಿಜಾರಿನಲ್ಲಿ ಎತ್ತಿನ ಬಂಡಿಯ ಗಾಲಿ ಗುಂಡಿಗೆ ಬಿತ್ತು. ಅವನು ಕೆಳಗೆ ಬಿದ್ದ. ಕಾಲು ಮುರಿಯಿತು.

ಮರದ ಮಾತು ಆಡಲೆಂದು ಎರಡು ದಿನ ಬಿಟ್ಟು ಹೋದಾಗ ಇದು ನನಗೆ ತಿಳಿಯಿತು. ಯಜಮಾನ ಮಂಚದ ಮೇಲೆ ಮಲಗಿದ್ದ, ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಅವನ ಮಗಳು, ಎರಡು ಜಡೆಯ ಹುಡುಗಿ, ಆ ಕಾಲಿನ ಪಕ್ಕದಲ್ಲಿ ಅಳದೆ ಕುಳಿತಿದ್ದಳು. ಅಪ್ಪ ಅಮ್ಮ ಮದುವೆಗೆ ಹೋಗಿದ್ದಾಗ ಅವಳು ಅಜ್ಜಿಯ ಜೊತೆ ಊರಲ್ಲೇ ಇದ್ದಳಂತೆ. ಗೆಳತಿಯರ ಜೊತೆ ಆ ಮರದ ಕಾಯಿ ಕಿತ್ತು, ಉಪ್ಪು ಮೆಣಸಿನಕಾಯಿ ಹಚ್ಚಿ ತಿಂದಿದ್ದಳಂತೆ. ಅಪ್ಪನ ಕಾಲು ಮುರಿದ ಸುದ್ದಿ ಬಂದಾಗ ತಾನಾಗಿಯೇ ಅಜ್ಜಿಗೆ ಒಪ್ಪಿಕೊಂಡಿದ್ದಳು.

ಅಜ್ಜಿ ನನಗೆ ಹೇಳಿದರು: “ಇವಳು ಇನ್ನ ಹುಣಸೆ ಬಾಯಿಗಿಡಲ್ಲ ಅಂತ ಆವಮ್ಮಂಗೆ ಬಿಟ್ಟುಕೊಟ್ಟೀವಪ್ಪ. ಬದುಕಿರೋಗಂಟ ತಿನ್ನಲ್ಲ.”

ತಪ್ಪಾದರೆ, ಬಹಳ ಇಷ್ಟವಾದ ಒಂದು ತಿನಿಸನ್ನು ದೇವರಿಗೆ ಬಿಟ್ಟುಬಿಡುವುದು ನಮ್ಮ ಕಡೆಯ ಪದ್ಧತಿ. ಕೆಲವರು ಬದನೆಕಾಯಿ ಬಿಡುತ್ತಾರೆ, ಕೆಲವರು ಬೆಲ್ಲ. ಹುಣಸೆ ಸೀಮೆಯಲ್ಲಿ ಹುಟ್ಟಿ ಹುಣಸೆ ಬಿಡುವುದೆಂದರೆ ಸಾರಿಲ್ಲ, ಗೊಜ್ಜಿಲ್ಲ, ಹುಳಿಯನ್ನವಿಲ್ಲ, ಚಟ್ನಿಯೂ ಇಲ್ಲ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ‘ಅಜ್ಜಿ, ಅದು ನನ್ನ ಡಬ್ಬಿಯ ಸುಣ್ಣ’ ಎಂದಿದ್ದರೆ ಮುಗಿಯುತ್ತಿತ್ತು. ಹೆಚ್ಚೆಂದರೆ ಹೊಡೆಯುತ್ತಿದ್ದರು. “ಕಾಲು ಬೇಗ ವಾಸಿಯಾಗ್ಲಿ” ಎಂದಷ್ಟೇ ಹೇಳಿ ಸೈಕಲ್ಲು ಹತ್ತಿದೆ. ಮಕ್ಕಳ ಹರಕೆ ಎಷ್ಟು ದಿನ, ತಿಂಗಳಲ್ಲಿ ಮರೆಯುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಡೆಯ ಮರಗಳಲ್ಲಿ ತಿರುಳಿಲ್ಲ ಎಂದು ಮಂಡಿಯಲ್ಲಿ ಇನ್ನೊಂದು ಸುಳ್ಳು ಹೇಳಿ ಆ ದಾರಿಯನ್ನೇ ಬಿಟ್ಟೆ. ಇದಾಗಿ ನಲವತ್ತೈದು ವರ್ಷದ ಹತ್ತಿರವಾಯಿತು.

ಭಾನುವಾರ ಬೆಳಿಗ್ಗೆ ನಾವು ಏಳು ಜನ ಹೊರಟೆವು. ಹೊಟ್ಟೆಯೊಳಗೆ ಭಯ ಇದ್ದರೂ ನಿಜ ಹೇಳಬೇಕು, ಆ ಸೈಕಲ್ಲಿನಷ್ಟು ಖುಷಿ ನನಗೆ ಈಚೆಗೆ ಯಾವುದೂ ಕೊಟ್ಟಿಲ್ಲ. ಪೆಡಲು ಸ್ವಲ್ಪ ತುಳಿದರೆ ಸಾಕು, ಹಿಂದಿನಿಂದ ಯಾರೋ ಪ್ರೀತಿಯಿಂದ ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗೆ ಆಗುತ್ತದೆ. ಒಂದರಿಂದ ಐದರವರೆಗೆ ನಂಬರು ಇದೆ. ನಾನು ಊರು ದಾಟುವ ಮೊದಲೇ ಐದಕ್ಕೆ ಹಾಕಿದೆ.

“ತಾತ! ಗೈಡ್ ನಾನು! ನನ್ನ ಹಿಂದೆ ಬರ್ಬೇಕು!” ಎಂದು ಹುಡುಗಿ ಕೂಗುತ್ತಿದ್ದಳು.

ಸೋಮಂದೇಪಲ್ಲಿಯ ಹತ್ತಿರ ಒಂದು ಏರು ಬಂತು. ಹಳೆಯ ಅಭ್ಯಾಸದಂತೆ ನಾನು ಕೆಳಗಿಳಿದು ತಳ್ಳತೊಡಗಿದೆ. ಉಳಿದವರೆಲ್ಲ ಸುಯ್ಯೆಂದು ನನ್ನನ್ನು ದಾಟಿ ಹೋದರು. ಹುಡುಗಿ ಹಿಂತಿರುಗಿ ಬಂದು, “ಇದನ್ನ ತಳ್ಳೋದಲ್ಲ ತಾತ, ಇದು ನಿನ್ನ ತಳ್ಳೋದು” ಎಂದಳು. ನನ್ನ ಕಾಲಿಗೆ ಅದು ಅರ್ಥವಾಗಲು ಇನ್ನೂ ಎರಡು ಏರು ಬೇಕಾಯಿತು.

ಪೆನುಕೊಂಡದ ಬೆಟ್ಟ ಬೆಳಗಿನ ಮಂಜಿನಲ್ಲಿ ನೀಲಿಯಾಗಿ ಕಾಣುತ್ತಿತ್ತು. ಆ ಕೋಟೆಯ ಗೋಡೆ ಬೆಟ್ಟದ ಮೇಲೆ ಹೇಗೆ ಹತ್ತಿ ಹೇಗೆ ಇಳಿಯುತ್ತದೆಂದು ಹುಡುಗಿ ಬೆರಳಿನಿಂದ ತೋರಿಸಿದಳು. ಬೆಂಗಳೂರಿನಿಂದ ಬಂದಿದ್ದ, ಕೂದಲು ಬೆಳ್ಳಗಾದ ಒಬ್ಬ ಮೇಡಂ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ನಿವೃತ್ತ ಮೇಷ್ಟ್ರಂತೆ. ಪೆನ್ನೆಯ ದಂಡೆಯಲ್ಲಿ ಮರಳು, ಒಂದಿಷ್ಟು ನೀರು, ಎಮ್ಮೆಗಳು. ಎಲ್ಲರೂ ಎಮ್ಮೆಗಳ ಫೋಟೋ ತೆಗೆದರು. ಎಮ್ಮೆಗಳಿಗೂ ಅದು ರೂಢಿಯಾಗಿದೆ ಎಂದು ಕಾಣುತ್ತದೆ, ಅಲುಗಾಡದೆ ನಿಂತವು.

ರೊದ್ದಂ ದಾಟಿದ ಮೇಲೆ ನಾನು ನಂಬರನ್ನು ಒಂದಕ್ಕೆ ಇಳಿಸಿದೆ.

“ಏನ್ ತಾತ, ಸುಸ್ತಾಯ್ತಾ?”

“ಬ್ಯಾಟ್ರಿ ಉಳೀಲಿ ಅಂತ ಕಣಮ್ಮ” ಎಂದೆ.

ಮರ ದೂರದಿಂದಲೇ ಕಂಡಿತು. ಮೊದಲಿಗಿಂತ ಹರಡಿತ್ತು. ಕಾಯಿ ಅದೇ ಅಂಗೈ ಉದ್ದ. ಬುಡದಲ್ಲಿ ಸಿಮೆಂಟಿನ ಕಟ್ಟೆ, ಅದರ ಮೇಲೆ ನನ್ನ ಕಲ್ಲು. ಸುಣ್ಣ ಕೆಮ್ಮಣ್ಣು ಹೋಗಿ ಅಂಗಡಿಯ ಪೇಂಟು ಬಂದಿತ್ತು. ಆದರೆ ಪಟ್ಟೆಗಳು ನಾನು ಬಳಿದ ಅಗಲದಲ್ಲೇ ಇದ್ದವು, ಕೊನೆಯ ಪಟ್ಟೆ ನಾನು ಬಳಿದಂತೆಯೇ ಸೊಟ್ಟ. ಯಾರೋ ಆ ಸೊಟ್ಟನ್ನೂ ಬಿಡದೆ ಭಕ್ತಿಯಿಂದ ಕಾಪಾಡಿದ್ದರು.

ಎಲ್ಲರೂ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಹುಡುಗಿ ಕಥೆ ಶುರು ಮಾಡಿದಳು. ನನ್ನ ಬಡ ಸಿಪಾಯಿ ಇಷ್ಟು ವರ್ಷದಲ್ಲಿ ದಳಪತಿಯಾಗಿದ್ದ. ಅವನಿಗೊಂದು ಬಿಳಿ ಕುದುರೆ ಸಿಕ್ಕಿತ್ತು. ಸಿಪಾಯಮ್ಮ ಗಂಡನ ಕತ್ತಿ ಹಿಡಿದು ಏಳು ಜನ ಶತ್ರುಗಳನ್ನು ಕೊಂದಿದ್ದಳು. ನನಗೆ ನಗು ಬಂತು. ಕುದುರೆ ನನ್ನದಲ್ಲ. ಏಳು ಜನರೂ ನನ್ನವರಲ್ಲ.

“ಇದಕ್ಕೆ ಶಾಸನ ಏನಾದರೂ ಇದೆಯಾ?” ಎಂದು ಮೇಡಂ ಕೇಳಿದರು.

“ಇಲ್ಲ ಮೇಡಂ. ತಲೆಮಾರುಗಳಿಂದ ಊರಿನವರ ಬಾಯಲ್ಲಿ ಬಂದಿದೆ.”

ನಾನು ಕೆಮ್ಮಿದೆ. ಹುಡುಗಿ ನನಗೆ ನೀರು ಕೊಟ್ಟಳು.

ಊಟ ಮರದ ಎದುರಿನ ಮನೆಯಲ್ಲಿ. ಐವತ್ತೈದರ ಆಸುಪಾಸಿನ ಹೆಂಗಸು, ಗಟ್ಟಿ ಧ್ವನಿ, ಕೈತುಂಬ ಬಳೆ. ನಡುಮನೆಯಲ್ಲಿ ಚಾಪೆ ಹಾಕಿ ಬಿಸಿ ರಾಗಿಮುದ್ದೆ, ಅವರೆಕಾಳು ಸಾರು, ಹಸಿ ಹುಣಸೆಕಾಯಿ ಕುಟ್ಟಿ ಮಾಡಿದ ತೊಕ್ಕು ಬಡಿಸಿದಳು. ಗೈಡ್ ಹುಡುಗಿ ಅವಳ ಹೆಗಲ ಮೇಲೆ ಕೈಹಾಕಿ ಎಲ್ಲರಿಗೂ ಹೇಳಿದಳು: “ಈ ದೊಡ್ಡಮ್ಮ ಇದೇ ಮರದ ಮನೆಯವರು. ಸೋದರಮಾವನ ಮನೆಗೇ ಸೊಸೆಯಾಗಿ ಇದೇ ಊರಲ್ಲಿ ಉಳಿದ್ರು. ಚಿಕ್ಕವಳಿದ್ದಾಗ ಗೊತ್ತಿಲ್ಲದೆ ಸಿಪಾಯಮ್ಮನ ಕಾಯಿ ಕಿತ್ತು ತಿಂದ್ರಂತೆ. ಅವರ ಅಪ್ಪನ ಕಾಲು ಮುರೀತು. ಅವತ್ತಿಂದ ಇವತ್ತಿನವರೆಗೆ ಹುಣಸೆ ಬಾಯಿಗೆ ಇಟ್ಟಿಲ್ಲ. ಬೇರೆ ಮರದ ಕಾಯಿ ತಂದು, ಈ ತೊಕ್ಕನ್ನೂ ರುಚಿ ನೋಡದೆ ಮಾಡ್ತಾರೆ!”

ಎಲ್ಲರೂ ಅಬ್ಬಾ ಎಂದರು. ಒಬ್ಬರು ಅವಳ ಫೋಟೋ ತೆಗೆದರು. ಎರಡು ಜಡೆಯ ಆ ಮುಖವನ್ನು ಈ ಮುಖದಲ್ಲಿ ಹುಡುಕುತ್ತಾ ನಾನು ಮುದ್ದೆಯನ್ನು ಕೈಯಲ್ಲೇ ಹಿಡಿದು ಕುಳಿತಿದ್ದೆ. ತಿಂಗಳಲ್ಲಿ ಮರೆಯುತ್ತಾಳೆ ಎಂದಿದ್ದೆನಲ್ಲ.

ತೊಕ್ಕು ಬಾಯಿಗೆ ಇಟ್ಟೆ. ಉಪ್ಪೋ ಉಪ್ಪು. ಸುತ್ತ ನೋಡಿದೆ. ಎಲ್ಲರೂ ಒಂದು ಚೂರು ನೆಕ್ಕುವುದು, ಒಂದು ಲೋಟ ಮಜ್ಜಿಗೆ ಕುಡಿಯುವುದು, ಮತ್ತೆ ನಗುವುದು. ಪಾಪ, ಹರಕೆಯ ಹೆಂಗಸಿಗೆ ಯಾರು ಹೇಳುತ್ತಾರೆ?

“ನಮ್ಮನೆ ಮಜ್ಜಿಗೆ ಅಂದ್ರೆ ಸಾಕು, ಬಂದೋರೆಲ್ಲ ಬಿಂದಿಗೆಗಟ್ಲೆ ಕುಡೀತಾರೆ” ಎಂದು ಆಕೆ ಹೆಮ್ಮೆಯಿಂದ ಸುರಿದಳು. “ತೊಕ್ಕು ಹೆಂಗೈತಣ್ಣ?”

“ಬೋ ಚೆನ್ನಾಗೈತೆ ಕಣಮ್ಮ” ಎಂದೆ.

ಸುಳ್ಳನ್ನು ಒಪ್ಪಿಕೊಳ್ಳಲು ಬಂದವನು ಇನ್ನೊಂದು ಸುಳ್ಳು ಹೇಳಿ ಮಜ್ಜಿಗೆಗೆ ಲೋಟ ಚಾಚಿದೆ.

ಊಟವಾದ ಮೇಲೆ ಬ್ಯಾಟರಿಗಳನ್ನು ಸೈಕಲ್ಲಿನಿಂದ ಬಿಚ್ಚಿ ಅವಳ ನಡುಮನೆಯಲ್ಲಿ ಸಾಲಾಗಿ ಚಾರ್ಜಿಗೆ ಇಟ್ಟರು. ಹಸಿರು ದೀಪ ಬರುವವರೆಗೆ ಹೊರಡುವಂತಿಲ್ಲ. ಉಳಿದವರು ಮರದಡಿ ಚಾಪೆ ಹಾಕಿ ಮಲಗಿದರು. ಆಕೆ ಹಿತ್ತಲಿನಲ್ಲಿ ಪಾತ್ರೆ ತೊಳೆಯಲು ಕುಳಿತಳು. ನಾನು ಹೋಗಿ, ತೊಳೆದ ತಟ್ಟೆಗಳನ್ನು ಒರೆಸತೊಡಗಿದೆ.

“ಬಿಡಣ್ಣ, ನೀನ್ಯಾಕೆ?”

“ಇರ್ಲಿ ತಂಗಿ. ನಿಮ್ಮಪ್ಪನ ಕಾಲು ಆಮೇಲೆ ಸರಿಹೋಯ್ತಾ?”

“ಹೋಯ್ತು. ವಸಿ ಕುಂಟ್ತಿದ್ದ. ಈಗಿಲ್ಲ, ಹೋಗಿ ಬೋ ವರ್ಷ ಆಯ್ತು. ನಿಂಗೆ ಗೊತ್ತಾ ನಮ್ಮಪ್ಪ?”

“ನಾನು ಮಂಡಿಯವನು ಕಣಮ್ಮ. ಮರ ನೋಡಕ್ಕೆ ಬತ್ತಿದ್ದೆ. ಸೈಕಲ್ಲಿಗೆ ಎರಡು ಡಬ್ಬಿ ಕಟ್ಕೊಂಡು.”

ಆಕೆ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಯ್ಯೋ ದೇವುಡಾ! ಡಬ್ಬಿ ಅಣ್ಣ ನೀನೇನಾ? ಎಷ್ಟು ಕೂದ್ಲಿತ್ತು ನಿಂಗೆ!”

ಇಲ್ಲದ ಕೂದಲ ಮೇಲೆ ಕೈಯಾಡಿಸಿಕೊಂಡು, ಇನ್ನು ತಡ ಮಾಡಿದರೆ ಮತ್ತೆ ಸೈಕಲ್ಲು ಹತ್ತಿಬಿಡುತ್ತೇನೆಂದು ಹೆದರಿ, ಒಂದೇ ಉಸಿರಿಗೆ ಹೇಳಿದೆ. ಕಲ್ಯಾಣದುರ್ಗದ ಗೆಳೆಯ, ಅವನ ಜೀಪು, ನನ್ನ ಸುಣ್ಣ, ನನ್ನ ಕೆಮ್ಮಣ್ಣು. “ಸಿಪಾಯಮ್ಮ ಅಂತ ಯಾರೂ ಇರ್ಲಿಲ್ಲ ತಂಗಿ. ನಾನು ಹೇಳಿದ್ದು ಅದು. ನೀನು ಕಾಯಿ ತಿಂದಿದ್ದಕ್ಕೂ ನಿಮ್ಮಪ್ಪ ಬಿದ್ದಿದ್ದಕ್ಕೂ ಏನೂ ಸಂಬಂಧ ಇಲ್ಲ. ಬಂಡಿ ಗಾಲಿ ಗುಂಡಿಗೆ ಬಿತ್ತು, ಅಷ್ಟೇ. ಅವತ್ತೇ ಹೇಳ್ಬೇಕಿತ್ತು. ಹೇಳ್ದೆ ಓಡೋದೆ. ತಪ್ಪಾಯ್ತು.”

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಆಕೆ ಎದ್ದು ಅದನ್ನು ನಿಲ್ಲಿಸಿ ಮತ್ತೆ ಕುಳಿತಳು.

“ಅಪ್ಪ ಹೊಲಕ್ಕೆ ಕುಂಟ್ಕೊಂಡು ಹೋಗ್ತಿದ್ನಲ್ಲ,” ಎಂದಳು ಮೆಲ್ಲಗೆ, “ಹಿಂದಿನಿಂದ ನೋಡ್ತಿದ್ದೆ ನಾನು. ನೋಡಿದಾಗೆಲ್ಲ, ಇದು ನಾನು ಮುರ್ದಿದ್ದು ಕಾಲು ಅಂತ...” ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರೆ ನಾನ್ ಮುರೀಲಿಲ್ಲ.”

“ನೀನಲ್ಲ ಕಣಮ್ಮ.”

“ನಾನಲ್ಲ” ಎಂದು ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ಅವಳ ಗಟ್ಟಿ ಧ್ವನಿ ವಾಪಸು ಬಂತು. “ನಿನ್ನ ನಾಲಿಗೆ ಸೇದೋಗ! ನನ್ನ ಮದ್ವೇಲಿ ಊರೆಲ್ಲ ಹುಳಿಯನ್ನ ತಿಂತು, ನಾನು ಮೊಸರನ್ನ ತಿಂದೆ! ಬಸುರೀಲಿ ಜಗತ್ತಿಗೆಲ್ಲ ಹುಣಸೆಕಾಯಿ ಆಸೆ, ನಾನು ನಿಂಬೆಹಣ್ಣು ಚೀಪ್ದೆ! ಒಂದಲ್ಲ, ಮೂರು ಬಸುರಿ ಕಣಯ್ಯ!”

ಬೈಗುಳ ಇನ್ನೂ ಬಹಳ ಇದ್ದವು. ಎಲ್ಲವೂ ನನಗೆ ಸಲ್ಲಬೇಕಾದವೇ. ತಲೆ ತಗ್ಗಿಸಿ ಕೇಳಿದೆ. ವಿಚಿತ್ರವೆಂದರೆ ಒಂದೊಂದು ಬೈಗುಳಕ್ಕೂ ನನ್ನ ಎದೆ ಹಗುರವಾಗುತ್ತಿತ್ತು. ತಲೆ ಎತ್ತಿದಾಗ, ಬ್ಯಾಟರಿ ನೋಡಲು ಬಂದ ಗೈಡ್ ಹುಡುಗಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ತಾತ, ನನ್ನ ಒಂದು ಸ್ಟಾಪೇ ಹೋಯ್ತಲ್ಲ! ಹಾಳೆ ಬೇರೆ ಅಚ್ಚಾಗ್ಬಿಟ್ಟಿದೆ!”

“ಎಲ್ಲಿಗೆ ಹೋಯ್ತದೆ? ಮರ ಅಲ್ಲೇ ಐತೆ, ಸುಳ್ಳುಗಾರ ಇಲ್ಲೇ ಅವ್ನೆ” ಎಂದಳು ಆಕೆ.

ಎದ್ದು ಸೀದಾ ಮರದ ಬಳಿಗೆ ಹೋದಳು. ಮಲಗಿದ್ದವರೆಲ್ಲ ಎದ್ದು ಕುಳಿತರು. ಕಟ್ಟೆಯ ಮುಂದೆ ನಿಂತು ಕಲ್ಲಿನೊಳಗಿನ ಬಿಲ್ಲುಗಾರನನ್ನು ಒಂದು ಗಳಿಗೆ ನೋಡಿ, “ನಿನ್ನ ತಪ್ಪೇನಿಲ್ಲ ಬಿಡಪ್ಪ” ಎಂದಳು. ಉದ್ದದ ಕೋಲಿನಿಂದ ಒಂದು ದೋರೆಗಾಯಿ ಬೀಳಿಸಿದಳು. ಸಿಪ್ಪೆ ಒಡೆದು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ಇಷ್ಟು ವರ್ಷದ ಭಯ ನನ್ನ ಒಂದು ಮಾತಿಗೆ ಹೋದೀತೇ?

“ನೀನೇ ಮೊದ್ಲು ತಿನ್ನು” ಎಂದು ಅರ್ಧ ಮುರಿದು ನನಗೆ ಕೊಟ್ಟಳು. “ಕೈಕಾಲು ಮುರಿದ್ರೆ ನಿಂದೇ ಮುರೀಲಿ.”

ನಾನು ತಿಂದೆ. ಎಲ್ಲರೂ ನನ್ನ ಕೈಕಾಲುಗಳನ್ನೇ ನೋಡಿದರು. ಆಮೇಲೆ ಆಕೆ ಬಾಯಿಗಿಟ್ಟಳು. ಒಂದು ಕಣ್ಣು ತಾನಾಗಿ ಮುಚ್ಚಿತು, ಹೆಗಲು ಕಿವಿಯವರೆಗೆ ಏರಿತು, ಹಲ್ಲು ಕಚ್ಚಿಕೊಂಡು “ಇಸ್ಸ್!” ಎಂದಳು. ಎರಡು ಜಡೆಯ ಹುಡುಗಿ ಆಗ ನನಗೆ ಕಂಡಳು.

ಬೀಜ ಉಗಿದು, ಏನೋ ನೆನಪಾದವಳಂತೆ ಮನೆಯೊಳಗೆ ನಡೆದಳು. ತೊಕ್ಕಿನ ಜಾಡಿಗೆ ಬೆರಳಿಟ್ಟು ಬಾಯಿಗೆ ಹಾಕಿಕೊಂಡಳು. ಒಳಗಿನಿಂದ ಕೂಗು ಕೇಳಿಸಿತು.

“ಇದೇನಿದು ಉಪ್ಪಿನ ಮೂಟೆ! ಇಷ್ಟು ವರ್ಷ ಇದನ್ನಾ ತಿನ್ನಿಸ್ತಿದ್ದೆ? ಯಾವನಾದ್ರೂ ಒಬ್ಬ ಹೇಳ್ಬಾರ್ದಾ? ಅದಕ್ಕೇ ಮಜ್ಜಿಗೆ ಹಂಗೆ ಕುಡೀತಿದ್ದಿದ್ದು!” ಹೊರಗೆ ಬಂದು ನನ್ನ ಕಡೆ ಬೆರಳು ಮಾಡಿದಳು. “ಬೋ ಚೆನ್ನಾಗೈತೆ ಅಂದ್ಯಲ್ಲ ನೀನು? ಇವತ್ತೂ ಸುಳ್ಳು!”

ಮೇಡಂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಶಿಕ್ಷೆಯನ್ನು ಆಕೆಯೇ ಕೊಟ್ಟಳು. “ನಾನಿನ್ನು ಹುಣಸೆ ಹಿಡ್ಕೊಂತೀನಿ. ನೀನು ಬಿಡು. ಇನ್ನೊಂದು. ಬಂದೋರಿಗೆ ನಿಜವಾದ ಕಥೆ ನಿನ್ನ ಬಾಯಿಂದ್ಲೇ ಹೇಳ್ಬೇಕು, ಇದೇ ಕಟ್ಟೆ ಮೇಲೆ ನಿಂತು.”

ಹುಡುಗಿ ಒಪ್ಪಿದಳು. ಆ ದಿನವೇ ನನ್ನನ್ನು ಕಟ್ಟೆ ಹತ್ತಿಸಿದಳು. ನಾನು ಹೇಳಿ ಮುಗಿಸಿದ ಮೇಲೆ ಅವಳು ಕಲ್ಲನ್ನು ತೋರಿಸಿ ಹೇಳಿದಳು: “ಇವನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಯಾರನ್ನೋ ಕಾಯೋಕೆ ಹೋಗಿ ಸತ್ತಿರ್ತಾನೆ. ಅಷ್ಟಂತೂ ನಿಜ.” ಬಿಳಿ ಕುದುರೆಗಿಂತ ಆ ಮಾತು ನನಗೆ ಚೆನ್ನಾಗಿ ಕಂಡಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಎದ್ದು ಸಾರಿನ ಡಬ್ಬಗಳ ಸಾಲಿನಿಂದ ಹುಣಸೆಹಣ್ಣಿನ ಭರಣಿ ತೆಗೆದು ಅಟ್ಟದ ಮೇಲಿಟ್ಟಳು. ಕಲ್ಯಾಣದುರ್ಗದ ಗೆಳೆಯನಿಗೂ ಫೋನ್ ಮಾಡಿದೆ. ಅವನಿಗೀಗ ಕಿವಿ ಮಂದ. ಎರಡು ಸಲ ಹೇಳಿಸಿಕೊಂಡು, “ಬೀಡಿ ಯಾರ್ಲಾ ಸೇದಿದ್ದು?” ಎಂದು ಕೇಳಿದ.

ಈಗ ತಿಂಗಳಿಗೆ ಎರಡು ಭಾನುವಾರ ನಾನು ಹೋಗುತ್ತೇನೆ. ಏರಿನಲ್ಲಿ ಇಳಿಯುವುದನ್ನು ಬಿಟ್ಟಿದ್ದೇನೆ. ಹಾಳೆಯಲ್ಲಿ ಹೊಸ ಅಚ್ಚಾಗಿದೆ, ಮರಕ್ಕೆ ಸಿಪಾಯಮ್ಮನ ಹೆಸರೇ ಇದೆ. ಊರಿನವರು ಕಲ್ಲಿಗೆ ಇನ್ನೂ ತೆಂಗಿನಕಾಯಿ ಒಡೆಯುತ್ತಾರೆ, ಆದರೆ ಮಕ್ಕಳು ಹಸಿ ಕಾಯಿ ಕೀಳುತ್ತಾರೆ, ಯಾರೂ ಗದರಿಸುವುದಿಲ್ಲ. ಊಟಕ್ಕೆ ಕುಳಿತಾಗ ಆಕೆ ಎಲ್ಲರಿಗೂ ತೊಕ್ಕು ಬಡಿಸಿ, ನನ್ನ ತಟ್ಟೆಯ ಮುಂದೆ ಮಾತ್ರ ಕೈ ಹಿಂದೆಳೆದುಕೊಂಡು, ಒಂದು ಹೋಳು ನಿಂಬೆಹಣ್ಣು ಇಟ್ಟು ಹೋಗುತ್ತಾಳೆ. ತೊಕ್ಕಿನ ವಾಸನೆ ಮೂಗಿಗೆ ಬಡಿಯುತ್ತದೆ. ಬಾಯಲ್ಲಿ ನೀರೂರುತ್ತದೆ. ಉಪ್ಪು ಹದವಾಗಿದೆ ಎಂದು ತಿನ್ನುವವರ ಮುಖ ನೋಡಿ ತಿಳಿದುಕೊಳ್ಳುತ್ತೇನೆ. ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ.

ಹೋದ ವಾರ ಆಕೆ ತುಂಬಿದ ಬಿಂದಿಗೆಯನ್ನು ತಂದು ನನ್ನ ಮುಂದೆ ಕುಕ್ಕಿದಳು.

“ನೋಡು, ಯಾವನೂ ಮಜ್ಜಿಗೆ ಮುಟ್ತಿಲ್ಲ ಈಗ. ಇದೂ ನಿನ್ನಿಂದಾನೇ. ಕುಡಿ.”

ಕುಡಿದೆ.